ಸೋಮವಾರದ ಮನುಷ್ಯ

ಒಳ್ಳೆಯ ಅಭ್ಯಾಸಗಳೆಲ್ಲ ಸೋಮವಾರವೇ ಶುರುವಾಗಬೇಕೆಂದು ಯಾರು ಕಟ್ಟಳೆ ಮಾಡಿದರೋ ತಿಳಿಯದು. ಬುಧವಾರ ರಾತ್ರಿ ಕನ್ನಡಿಯ ಮುಂದೆ ನಿಂತು ಹೊಟ್ಟೆ ಕರಗಿಸುವ ಪಣ ತೊಟ್ಟವನು ಗುರುವಾರ ಬೆಳಿಗ್ಗೆಯೇ ಓಡಲು ಹೊರಡುವುದು ಅಪರೂಪ. ಗುರುವಾರಕ್ಕೆ ಆ ಯೋಗ್ಯತೆ ಇಲ್ಲ. ಶುಕ್ರವಾರದ ಹೊತ್ತಿಗೆ ವಾರ ಹೇಗೂ ಮುಗಿಯಿತಲ್ಲ. ಶನಿವಾರ, ಭಾನುವಾರಗಳು ದಣಿವಾರಿಸಿಕೊಳ್ಳಲೆಂದೇ ಇರುವವು. ಸೋಮವಾರ ಕೈತಪ್ಪಿದರೆ ಒಂದನೇ ತಾರೀಕು, ಅದೂ ಹೋದರೆ ಜನವರಿ. ಇದು ನಮ್ಮ ನಿಮ್ಮ ಖಾಸಗಿ ಕಾಯಿಲೆಯೆಂದು ನಾಚಬೇಕಿಲ್ಲ. ಸಂಶೋಧಕಿ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿ 2014ರಲ್ಲಿ ಪ್ರಕಟಿಸಿದರು. ಜಿಮ್‌ಗೆ ಹೋಗುವವರು, ‘ಡಯಟ್’ ಎಂದು ಗೂಗಲ್‌ನಲ್ಲಿ ಹುಡುಕುವವರು ವಾರದ, ತಿಂಗಳ, ವರ್ಷದ ಮೊದಲಲ್ಲಿ ಹೆಚ್ಚುತ್ತಾರಂತೆ. ಆಮೇಲೆ ಏನಾಗುತ್ತದೆ ಎಂಬುದಕ್ಕೆ ಸಂಶೋಧನೆ ಬೇಕಾಗಿಲ್ಲ.

ನನಗೆ ಕುತೂಹಲವಿರುವುದು ಆ ಸೋಮವಾರದ ಮನುಷ್ಯನ ಬಗ್ಗೆ. ಅವನು ಅಲಾರಾಂ ಬಡಿಯುವ ಮೊದಲೇ ಏಳುತ್ತಾನೆ. ಎದ್ದವನು ಮೊಬೈಲ್ ಮುಟ್ಟುವುದಿಲ್ಲ. ಅವನಿಗೆ ನೆಗಡಿಯಾಗುವುದಿಲ್ಲ, ಅವನ ಮನೆಗೆ ಹೇಳದೆ ಕೇಳದೆ ನೆಂಟರು ಬರುವುದಿಲ್ಲ, ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಅವನು ಏನನ್ನೂ ನೋಡುತ್ತಾ ಕುಳಿತಿರುವುದಿಲ್ಲ. ಇಷ್ಟೊಂದು ಸದ್ಗುಣಗಳಿರುವವನ ಹೆಗಲಿಗೆ ಕೆಲಸ ದಾಟಿಸಲು ನಮಗೇಕೆ ಸಂಕೋಚ? ಹಾಲ್ ಹರ್ಷ್‌ಫೀಲ್ಡ್ ಎಂಬ ಮನಶ್ಶಾಸ್ತ್ರಜ್ಞ 2009ರಲ್ಲಿ ಜೊತೆಗಾರರೊಡನೆ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಜನರು ಮುಂದೊಂದು ಕಾಲದ ತಮ್ಮ ಬಗ್ಗೆ ಯೋಚಿಸುವಾಗ ಮಿದುಳಿನಲ್ಲಿ ಏನು ನಡೆಯುತ್ತದೆಂದು ಸ್ಕ್ಯಾನ್ ಮಾಡಿ ನೋಡಿದರು. ಈಗಿನ ತಮ್ಮ ಬಗ್ಗೆ ಯೋಚಿಸುವಾಗ ಚುರುಕಾಗುವ ಭಾಗ ಆಗ ಹಲವರಲ್ಲಿ ಮಂಕಾಗಿತ್ತು, ಬೇರೆ ಯಾರನ್ನೋ ನೆನೆದಾಗ ಆಗುವ ಹಾಗೆ. ಈ ಅಂತರ ಹೆಚ್ಚಿದ್ದವರು ಮುಂದೆ ಸಿಗುವ ದೊಡ್ಡ ಮೊತ್ತವನ್ನು ಬಿಟ್ಟು ಈಗಲೇ ಸಿಗುವ ಚಿಕ್ಕ ಮೊತ್ತಕ್ಕೆ ಕೈಚಾಚುವುದೂ ಹೆಚ್ಚು. ಅಂದರೆ ನಾವು ಕೆಲಸ ಮುಂದೂಡುತ್ತಿಲ್ಲ, ಪರಿಚಯವಿಲ್ಲದ ಯಾರಿಗೋ ವಹಿಸಿಕೊಡುತ್ತಿದ್ದೇವೆ.

ವಹಿಸಿಕೊಟ್ಟ ಮೇಲೆ ಅವನಿಗೆ ಬೇಕಾದ್ದನ್ನೆಲ್ಲ ಹೊಂದಿಸಬೇಕಲ್ಲ, ಅದು ಭಾನುವಾರದವನ ಕರ್ತವ್ಯ. ಓಡುವ ಶೂ ಕೊಳ್ಳುವುದನ್ನೇ ನೋಡಿ. ಹಿಮ್ಮಡಿ ಹೇಗಿರಬೇಕು, ಅಟ್ಟೆ ಎಷ್ಟು ದಪ್ಪವಿರಬೇಕು, ಅಂಗಾಲು ಚಪ್ಪಟೆಯಿರುವವರಿಗೆ ಯಾವುದು ಒಳ್ಳೆಯದು ಎಂದು ಓದಿ ಓದಿ ಒಂದು ಕಿಲೋಮೀಟರ್ ಕೂಡ ಓಡದವನು ಅರ್ಧ ಪಂಡಿತನಾಗಿರುತ್ತಾನೆ. ಶೂ ಮನೆಗೆ ಬರುತ್ತದೆ. ತೆಳು ಕಾಗದ ಬಿಡಿಸಿ, ಮೂಸಿ, ಒಂದು ಕಾಲಿಗಷ್ಟೇ ಹಾಕಿ ನೋಡಿ, ಕೋಣೆಯೊಳಗೆ ನಾಲ್ಕು ಹೆಜ್ಜೆ ಇಟ್ಟು ಮತ್ತೆ ಡಬ್ಬಿಯಲ್ಲಿ ಇಡಲಾಗುತ್ತದೆ. ಇನ್ನೊಂದರ ತುದಿಯಲ್ಲಿ ತುರುಕಿದ ಕಾಗದದ ಉಂಡೆ ಹಾಗೆಯೇ ಇರುತ್ತದೆ. ‘ತಿನ್ನಬೇಡಿ’ ಎಂದು ಬರೆದಿರುವ ಸಣ್ಣ ಪೊಟ್ಟಣ ಕೂಡ. ಆ ರಾತ್ರಿಯ ನಿದ್ದೆ ಮಾತ್ರ ಅದ್ಭುತ. ಬೆವರದೆಯೇ ಓಡಿದ ತೃಪ್ತಿ ಅದರಲ್ಲಿದೆ. ತಯಾರಿಯ ಮೇಲೆ ನನ್ನ ಗುಮಾನಿಯೂ ಇದೇ. ಕಾಲಹರಣ ತೊಡುವ ವೇಷಗಳಲ್ಲಿ ಇಷ್ಟು ಮರ್ಯಾದಸ್ಥ ವೇಷ ಇನ್ನೊಂದಿಲ್ಲ, ಅದು ತೊಟ್ಟಾಗ ಮನೆಯವರೂ ಬೈಯುವುದಿಲ್ಲ.

ಇಂಥವರನ್ನು ಸೋಮಾರಿಗಳೆಂದು ಕರೆಯುವವರಿಗೆ ಈ ಕಸುಬಿನ ಶ್ರಮ ಗೊತ್ತಿಲ್ಲ. ಕೊಡಬೇಕಾದ ವರದಿಯೊಂದು ತಲೆಯ ಮೇಲೆ ಕುಳಿತ ದಿನವೇ ಪುಸ್ತಕದ ಕಪಾಟು ಒಪ್ಪವಾಗುತ್ತದೆ, ಹಳೆಯ ಫೋಟೋಗಳು ವರ್ಷವಾರು ಜೋಡಣೆಯಾಗುತ್ತವೆ, ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿ ರಿಪೇರಿಯಾಗುತ್ತದೆ. ಜಾನ್ ಪೆರ್‍ರಿ ಎಂಬ ಸ್ಟ್ಯಾನ್‌ಫರ್ಡ್‌ನ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು 1996ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿಸಿ ಲೇಖನ ಬರೆದರು. ಪಟ್ಟಿಯ ತುದಿಯಲ್ಲಿ ಯಾವುದಾದರೂ ಘನವಾದ ಕೆಲಸ ಇಟ್ಟುಕೊಂಡರೆ, ಅದನ್ನು ತಪ್ಪಿಸಿಕೊಳ್ಳುವ ಭರದಲ್ಲಿ ಕೆಳಗಿನ ಉಪಯುಕ್ತ ಕೆಲಸಗಳೆಲ್ಲ ಮುಗಿಯುತ್ತವೆ ಎಂಬುದು ಅವರ ವಾದ. ಆ ಲೇಖನಕ್ಕೆ ಇಗ್ ನೊಬೆಲ್ ಸಾಹಿತ್ಯ ಪ್ರಶಸ್ತಿ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ, ನೊಬೆಲ್‌ನ ಅಣಕು ಪ್ರಶಸ್ತಿ) ಬಂದದ್ದು 2011ರಲ್ಲಿ. ಪ್ರಶಸ್ತಿ ಕೊಡುವವರೂ ನಮ್ಮವರೇ ಇರಬೇಕು.

ಆದರೆ ಪಟ್ಟಿಯ ತುದಿಯಲ್ಲಿರುವುದು ನಮ್ಮದೇ ಆಸೆಯಾದಾಗ ಈ ಉಪಾಯ ಕೈಕೊಡುತ್ತದೆ. ಕಚೇರಿಯ ಕೆಲಸಕ್ಕೆ ಕೇಳುವವರಿದ್ದಾರೆ, ಕೊನೆಯ ಗಳಿಗೆಯ ಗಾಬರಿಯಲ್ಲಾದರೂ ಅದು ಮುಗಿಯುತ್ತದೆ. ಹಾಡು ಕಲಿಯಬೇಕು, ಈಜು ಕಲಿಯಬೇಕು, ಬರೆಯಬೇಕು ಎಂಬವುಗಳಿಗೆ ಗಡುವೂ ಇಲ್ಲ, ಗಾಬರಿಯೂ ಇಲ್ಲ. ನನ್ನ ಪರಿಚಿತರೊಬ್ಬರು ಬಹುಕಾಲದಿಂದ ಕಾದಂಬರಿ ಬರೆಯಲಿದ್ದಾರೆ. ಶೀರ್ಷಿಕೆ ಸಿದ್ಧವಿದೆ. ಮುಖಪುಟ ಹೇಗಿರಬೇಕೆಂಬ ಕಲ್ಪನೆಯೂ ಇದೆ. ಅರ್ಪಣೆಯ ಹೆಸರು ಎರಡು ಸಲ ಬದಲಾಗಿದೆ. ಉಳಿದಿರುವುದು ಕಾದಂಬರಿ ಮಾತ್ರ. ಅವರಿಗೆ ಸಮಯವಿಲ್ಲವೆಂದು ನಾನು ನಂಬುವುದಿಲ್ಲ, ಆಲಸ್ಯವಂತೂ ಅಲ್ಲವೇ ಅಲ್ಲ. ಬರೆಯದಿರುವ ಕಾದಂಬರಿ ಬಹಳ ಚೆನ್ನಾಗಿದೆ, ಅದೇ ತೊಡಕು. ಮೊದಲ ಪುಟ ಬರೆದ ಕ್ಷಣ ಅದು ಸಾಧಾರಣವಾಗಿಬಿಡುತ್ತದೆ. ಹಾಡದವನ ಕಂಠದಲ್ಲಿ ಅಪಸ್ವರವಿಲ್ಲ. ಎಲ್ಲರಿಗಿಂತ ಮೊದಲು ನಮಗೇ ನಮ್ಮ ಮಟ್ಟ ತಿಳಿದುಹೋಗುವ ಆ ಒಂದು ಗಳಿಗೆಯನ್ನು ತಪ್ಪಿಸಿಕೊಳ್ಳಲು ಮನುಷ್ಯ ಎಷ್ಟು ಕಪಾಟುಗಳನ್ನಾದರೂ ಒರೆಸಿಯಾನು.

ಹಾಗಾಗಿ ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎನ್ನುವ ಬುದ್ಧಿವಾದ ನನಗೆ ರುಚಿಸುವುದಿಲ್ಲ. ಗಟ್ಟಿ ಮನಸ್ಸೂ ಸೋಮವಾರದವನ ಸೊತ್ತೇ ತಾನೆ. ಇವತ್ತಿನವನು ನಿದ್ದೆಗಣ್ಣಿನವನು, ನೆಪಗಾರ, ತುಸು ಪುಕ್ಕಲ. ಅವನಿಂದ ಆಗುವಂಥದ್ದೇನು ಎಂದು ಕೇಳಿಕೊಳ್ಳಬೇಕು. ಪೀಟರ್ ಗೋಲ್‌ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲಿ ತೋರಿಸಿದ ದಾರಿ ನನಗೆ ಹಿಡಿಸಿದ್ದು ಇದಕ್ಕೇ. ಅದರಲ್ಲಿ ಉತ್ಸಾಹದ ಮಾತೇ ಇಲ್ಲ. ‘ದಿನಾ ಬರೆಯುತ್ತೇನೆ’ ಎನ್ನುವ ಬದಲು ‘ರಾತ್ರಿ ಹಲ್ಲುಜ್ಜಿದ ಮೇಲೆ ಮೇಜಿನ ಮುಂದೆ ಕುಳಿತು ಐದು ಸಾಲು ಬರೆಯುತ್ತೇನೆ’ ಎಂದು ಹೊತ್ತು, ಜಾಗ, ಕೆಲಸ ಮೂರನ್ನೂ ಒಟ್ಟಿಗೆ ಗಂಟು ಹಾಕುವುದು. ಹೀಗೆ ಗೊತ್ತುಮಾಡಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಸಲ ಕೆಲಸಕ್ಕೆ ಕೈಹಾಕಿದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ‘ಈಗ ಮಾಡಲೋ ಆಮೇಲೆ ಮಾಡಲೋ’ ಎಂಬ ಚರ್ಚೆಗೆ ಜಾಗವಿಲ್ಲದಿರುವುದೇ ಇದರ ಗುಟ್ಟೆಂದು ನನ್ನ ಊಹೆ. ಚರ್ಚೆಗೆ ಬಿಟ್ಟರೆ ನಾವು ಗೆಲ್ಲುವವರಲ್ಲ, ಎದುರು ಪಕ್ಷದ ವಕೀಲರೂ ನಾವೇ.

ಐದು ಸಾಲು ಕೆಟ್ಟದಾಗಿರುತ್ತವೆ. ಓಡಲು ಹೊರಟವನು ಮೊದಲ ದಿನ ಓಡುವುದಕ್ಕಿಂತ ಹೆಚ್ಚಾಗಿ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಾನೆ. ಎರಡನೆಯ ದಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಅಷ್ಟು ಓದಿ ಕೊಂಡ ಶೂ ಕಿರುಬೆರಳನ್ನು ಕಚ್ಚುತ್ತದೆ, ಆ ಒಂದು ಸಂಗತಿ ಯಾರೂ ಬರೆದಿರುವುದಿಲ್ಲ. ಒಂದು ಲಾಭವಂತೂ ಕೂಡಲೇ ಸಿಗುತ್ತದೆ. ಇಷ್ಟು ದಿನ ‘ಸಮಯವೇ ಸಿಗುತ್ತಿಲ್ಲ’ ಎಂದು ಗೊಣಗಿದರೆ ಎದುರಿಗಿದ್ದವರು ತಲೆಯಾಡಿಸಿ ಹೊರಟುಹೋಗುತ್ತಿದ್ದರು. ಈಗ ‘ಓಡಿ ಓಡಿ ಮಂಡಿ ನೋವು’ ಎಂದು ನೋಡಿ: ಕುರ್ಚಿ ಎಳೆದುಕೊಂಡು ಕುಳಿತು, ಯಾವ ಮುಲಾಮು, ಬಿಸಿ ನೀರೋ ತಣ್ಣೀರೋ ಎಂದು ವಿಚಾರಿಸಿ, ತಮ್ಮ ಮಂಡಿಯ ಕಥೆಯನ್ನು ಮೊದಲಿನಿಂದ ಶುರು ಮಾಡುತ್ತಾರೆ.