ನಮ್ಮಲ್ಲಿ ಸರಿ ಕಾಣ್ತದಲ್ಲ!

ಘಟ್ಟದ ಮೇಲಿನದಿರಲಿ, ಕೆಳಗಿನದಿರಲಿ, ಹಳೇ ಕಚೇರಿ ವೆಬ್‌ಸೈಟಿನ ತಳ ಮುಟ್ಟಿದರೆ ಒಂದು ಸಾಲು ಕಾಲಿಗೆ ತೊಡರುತ್ತದೆ: ‘ಈ ಜಾಲತಾಣವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ, 1024×768 ಪರದೆಯಲ್ಲಿ ವೀಕ್ಷಿಸುವುದು ಉತ್ತಮ.’ ಆ ಎಕ್ಸ್‌ಪ್ಲೋರರ್ ಬ್ರೌಸರಿಗೆ ಮೈಕ್ರೋಸಾಫ್ಟೇ 2022ರ ಜೂನ್ 15ರಂದು ಎಳ್ಳುನೀರು ಬಿಟ್ಟಿದೆ. ಕಚೇರಿಗೆ ಸೂತಕದ ಸುದ್ದಿ ಇನ್ನೂ ಮುಟ್ಟಿಲ್ಲ. ಕಾರವಾರದ ಖಾನಾವಳಿಯವನೊಬ್ಬ ‘ನಮ್ಮ ಬಂಗಡೆ ಸಾರು 32 ಹಲ್ಲೂ ಇದ್ದವರಿಗೆ ಮಾತ್ರ ರುಚಿಸುತ್ತದೆ’ ಎಂದು ಬೋರ್ಡು ತೂಗಿಸಿದರೆ ಎರಡು ದಿನದಲ್ಲಿ ಅಂಗಡಿ ಮುಚ್ಚಬೇಕು. ವೆಬ್‌ಸೈಟಿಗೆ ಆ ಹೆದರಿಕೆ ಇಲ್ಲ. ಒಂದು ಬ್ರೌಸರಿನಲ್ಲಿ ಸರಿ ಕಂಡರೆ ಆಯಿತು, ಉಳಿದವುಗಳಲ್ಲಿ ಏನಾದರೂ ಆಗಲಿ.

ಶಿರಸಿ ಕಡೆಯ ಸಹಕಾರ ಸಂಘವೊಂದರ ವೆಬ್‌ಸೈಟು ಅಂದುಕೊಳ್ಳಿ. ಮುಖಪುಟದಲ್ಲಿ ಇಂದಿನ ಅಡಿಕೆ ಧಾರಣೆ. ಐದು ಕಾಲಂ: ವಿಧ, ಆವಕ, ಕನಿಷ್ಠ, ಗರಿಷ್ಠ, ಸರಾಸರಿ. ಕೋಷ್ಟಕದ ಅಗಲ 980 ಪಿಕ್ಸೆಲ್, ಅಂದರೆ ಕಾಲಂ ಒಂದಕ್ಕೆ 196. ಸದಸ್ಯರ ಫೋನಿನ ಅಗಲ 360. ಲೆಕ್ಕ ಹಾಕಿ: ವಿಧ ಪೂರ್ತಿ ಕಾಣುತ್ತದೆ, ಆವಕ ಮುಕ್ಕಾಲಿಗಿಂತ ತುಸು ಹೆಚ್ಚು ಕಾಣುತ್ತದೆ, ದರ ಒಂದೂ ಇಲ್ಲ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಲ್ಲ ಮಾರುಕಟ್ಟೆಗೆ ಬಂದಿವೆ ಎಂದು ತಿಳಿಯುತ್ತದೆ. ಎಷ್ಟಕ್ಕೆ ಹೋದವು ಎಂಬುದು ಪರದೆಯಿಂದ ಬಲಕ್ಕೆ, ಹಾನಗಲ್ ದಿಕ್ಕಿಗೆ, ಎಲ್ಲೋ ಇದೆ.

ಬೆರಳಿಂದ ಎಳೆದು ನೋಡೋಣವೆಂದರೆ ಅದೂ ಆಗದು. ಮೊದಲು ಅಡ್ಡ ಸ್ಕ್ರಾಲ್‌ಬಾರ್ ಇತ್ತು. ಆಡಳಿತ ಮಂಡಳಿಯಲ್ಲಿ ಯಾರೋ ‘ಅಸಹ್ಯ ಕಾಣ್ತದೆ’ ಅಂದರು. ಸೈಟು ಮಾಡಿಕೊಟ್ಟವನು ಹೊರಗಿನ ಡಿವ್‌ಗೆ, ಅಂದರೆ ಎಲ್ಲವನ್ನೂ ಸುತ್ತಿದ ಡಬ್ಬಿಗೆ, ‘ಓವರ್‌ಫ್ಲೋ: ಹಿಡನ್’ (ಹೊರಚಾಚಿದ್ದು ಮರೆಯಾಗಲಿ) ಎಂದು ಬರೆದು ಕೈತೊಳೆದುಕೊಂಡ. ಸ್ಕ್ರಾಲ್‌ಬಾರ್ ಹೋಯಿತು, ಹೋಗುವಾಗ ದರವನ್ನೂ ಕರಕೊಂಡು ಹೋಯಿತು. ಕೋಷ್ಟಕವನ್ನಷ್ಟೇ ಒಂದು ಡಿವ್‌ನೊಳಗಿಟ್ಟು ಅದಕ್ಕೆ ‘ಓವರ್‌ಫ್ಲೋ-ಎಕ್ಸ್: ಆಟೊ’ (ಹೆಚ್ಚಾದರೆ ಅಡ್ಡಕ್ಕೆ ಎಳೆಯಲಿ) ಕೊಟ್ಟು, ಉಳಿದ ಪುಟಕ್ಕೆ ಕಟ್ಟಿಟ್ಟ ಅಗಲದ ‘ವಿಡ್ತ್’ ಬದಲು ಗರಿಷ್ಠ ಅಗಲದ ‘ಮ್ಯಾಕ್ಸ್-ವಿಡ್ತ್’ ಹಾಕಿದ್ದರೆ ಮುಗಿಯುತ್ತಿತ್ತು. ಕೋಡಿನ ತಲೆಭಾಗವಾದ ಹೆಡ್‌ನಲ್ಲಿ, ಫೋನಿನ ನಿಜವಾದ ಅಗಲವನ್ನೇ ಹಿಡಿ ಎನ್ನುವ ವ್ಯೂಪೋರ್ಟ್ ಮೆಟಾ ಸಾಲೂ ಬೇಕು. ಅದಿಲ್ಲದಿದ್ದರೆ ಫೋನು ತಾನೇ 980 ಪಿಕ್ಸೆಲ್‌ನ ಕಂಪ್ಯೂಟರ್ ಎಂದು ಸೋಗು ಹಾಕಿ, ಪುಟವನ್ನು ಹಿಂಡಿ 360ಕ್ಕೆ ಕೂರಿಸುತ್ತದೆ. 14 ಪಿಕ್ಸೆಲ್ ಅಕ್ಷರ ಹೆಚ್ಚುಕಮ್ಮಿ 5ಕ್ಕೆ ಇಳಿಯುತ್ತದೆ. ಆಗ ದರವೇನೋ ಕಾಣುತ್ತದೆ, ಓದಲಿಕ್ಕೆ ಬರುವುದಿಲ್ಲ.

‘ದರ ಕಾಣ್ತಿಲ್ಲೆ’ ಎಂದು ಫೋನ್ ಮಾಡಿದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ: ‘ಹೆಗಡೇರೆ, ನಮ್ಮಲ್ಲಿ ಸರಿ ಕಾಣ್ತದಲ್ಲ! ನೀವು ಕ್ರೋಮ್ ಹಾಕ್ಕೊಳ್ಳಿ ಮಾರಾಯ್ರೆ.’

ಹೆಗಡೇರ ಕೈಯಲ್ಲಿರುವುದು ಮಗ ಬೆಂಗಳೂರಿಂದ ತಂದುಕೊಟ್ಟ ಐಫೋನು. ಅದರಲ್ಲಿ ಕ್ರೋಮ್ ಹಾಕಿದರೂ ಫೈರ್‌ಫಾಕ್ಸ್ ಹಾಕಿದರೂ ಒಳಗೆ ಕುಣಿಯುವುದು ಆಪಲ್‌ನ ಸಫಾರಿ ಬ್ರೌಸರಿನ ವೆಬ್‌ಕಿಟ್ಟೇ, ಅಂದರೆ ಪುಟ ಬಿಡಿಸಿ ತೋರಿಸುವ ಎಂಜಿನ್ನು. ಬೇರೆ ಎಂಜಿನ್‌ಗೆ ಆಪಲ್ 2024ರಲ್ಲಿ ಬಾಗಿಲು ತೆಗೆದದ್ದು ಯುರೋಪ್ ಒಕ್ಕೂಟದವರಿಗೆ. ಶಿರಸಿ ಅದರ ಸದಸ್ಯ ಅಲ್ಲ. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಬದಲಿಸಿದ ಮಾತ್ರಕ್ಕೆ ರಂಗಸ್ಥಳದ ಹೆಜ್ಜೆ ಬದಲಾಗುತ್ತದೆಯೇ? ಸದಸ್ಯರ ಲಾಗಿನ್ ಪುಟಕ್ಕೆ ‘ಹೈಟ್: 100ವಿಎಚ್’ ಎಂದಿದೆ, ಅಂದರೆ ಪರದೆಯ ಪೂರ್ತಿ ಎತ್ತರ. ಐಫೋನ್ ಸಫಾರಿ ಈ 100ನ್ನು ವಿಳಾಸಪಟ್ಟಿ ಕುಗ್ಗಿದಾಗಿನ ಎತ್ತರಕ್ಕೆ ಲೆಕ್ಕ ಹಿಡಿಯುತ್ತದೆ. ಪುಟ ತೆರೆದಾಗ ಪಟ್ಟಿ ಇನ್ನೂ ಕುಗ್ಗಿರುವುದಿಲ್ಲ, ಹಾಗಾಗಿ ತಳದ ‘ಒಳಗೆ ಬನ್ನಿ’ ಗುಂಡಿ ಕೆಳಗೆ ಹೂತಿರುತ್ತದೆ. ಆ ಸಾಲಿನ ಕೆಳಗೇ ‘ಹೈಟ್: 100ಡಿವಿಎಚ್’ (ಆ ಹೊತ್ತಿಗೆ ಕಾಣುವಷ್ಟೇ ಎತ್ತರ) ಎಂದು ಇನ್ನೊಂದು ಸಾಲು ಬರೆಯಿರಿ. 2022ರ ಮಾರ್ಚ್‌ನ ಸಫಾರಿ 15.4ರಿಂದ ಈಚೆಗಿನವು ಅದನ್ನು ಹಿಡಿಯುತ್ತವೆ, ಹಳೆಯವು ತಿಳಿಯದ ಸಾಲನ್ನು ದಾಟಿ ಮೇಲಿನದಕ್ಕೆ ನಿಲ್ಲುತ್ತವೆ. ಇನ್‌ಪುಟ್ ಡಬ್ಬಿಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನು ಮುಟ್ಟಿದ ಕೂಡಲೇ ಪುಟವನ್ನೇ ಹಿಗ್ಗಿಸುತ್ತದೆ. ಅದಕ್ಕೂ ‘ನಿಮ್ಮ ಫೋನ್ ಹಾಳಾಗಿದೆ’ ಎಂಬ ಉತ್ತರವೇ ಬರುತ್ತದೆ.

ತಿಳಿಯದ ಸಾಲನ್ನು ಬ್ರೌಸರ್ ತಂಟೆ ಮಾಡದೆ ದಾಟುತ್ತದೆ ಅಂದೆ. ನಿಯಮ ಪುಟದ ಯಾವ ಭಾಗಕ್ಕೆ ಎಂದು ಹೇಳುವ ಸೆಲೆಕ್ಟರ್‌ಗಳ ವಿಷಯದಲ್ಲಿ ಮಾತ್ರ ಅದು ನಮ್ಮ ಕಚೇರಿಗಳ ಜಾತಿಯದೇ. ಖಾಲಿ ಡಬ್ಬಿಯೊಳಗಿನ ಮಸುಕು ಸೂಚನೆಗೆ ಬಣ್ಣ ಕೊಡಬೇಕು ಅನ್ನಿ. ಕ್ರೋಮಿನ ‘ವೆಬ್‌ಕಿಟ್-ಇನ್‌ಪುಟ್-ಪ್ಲೇಸ್‌ಹೋಲ್ಡರ್’, ಎಕ್ಸ್‌ಪ್ಲೋರರಿನ ‘ಎಂಎಸ್-ಇನ್‌ಪುಟ್-ಪ್ಲೇಸ್‌ಹೋಲ್ಡರ್’ ಎರಡನ್ನೂ ಅಲ್ಪವಿರಾಮ ಹಾಕಿ ಒಂದೇ ನಿಯಮಕ್ಕೆ ಪೋಣಿಸಿ ನೋಡಿ. ಒಂದು ಹೆಸರು ಗೊತ್ತಿಲ್ಲವೆಂದು ಇಡೀ ಅರ್ಜಿಯೇ ತಿರಸ್ಕೃತ. ಎಲ್ಲೂ ಬಣ್ಣ ಬರುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ನಿಯಮ ಬರೆಯಬೇಕು, ಮುಂದೆ ಬ್ರೌಸರಿನ ಗುರುತು (ಪ್ರಿಫಿಕ್ಸ್) ಇಲ್ಲದ ಶುದ್ಧ ಹೆಸರು ಕೊನೆಗೆ ಬರಬೇಕು.

ಇನ್ನು ಪೆಟ್ಟಿಗೆಯ ಜಗಳ. 50% ಅಗಲದ ಎರಡು ಪೆಟ್ಟಿಗೆ ಅಕ್ಕಪಕ್ಕ ಇಟ್ಟರೆ ಸಾಲಿಗೆ ಸರಿಹೋಗಬೇಕು. ಸುತ್ತ 20 ಪಿಕ್ಸೆಲ್ ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ), 1 ಪಿಕ್ಸೆಲ್ ಅಂಚು ಕೊಟ್ಟರೆ ತಲಾ 42 ಬೆಳೆದು ಎರಡನೆಯದು ಕೆಳಗೆ ಬೀಳುತ್ತದೆ, ಏಕೆಂದರೆ ವೆಬ್ ಮಾನಕದ ಲೆಕ್ಕದಲ್ಲಿ ಅವು ಅಗಲದ ಹೊರಗೆ. ಎಕ್ಸ್‌ಪ್ಲೋರರ್ 5 ಅವನ್ನು ಒಳಗೇ ಸೇರಿಸುತ್ತಿತ್ತು. ಲೋಕವೆಲ್ಲ ಅದನ್ನು ಬೈದಿತು. ಈಗ ಪುಟದ ರೂಪ ಹೇಳುವ ಸ್ಟೈಲ್‌ಶೀಟ್‌ಗಳ ತಲೆಯಲ್ಲೇ ‘ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್’ ಎಂದು ಬರೆದು ಅದೇ ಲೆಕ್ಕವನ್ನು ಕೇಳಿ ಪಡೆಯುತ್ತಾರೆ. ಬೈಸಿಕೊಂಡು ಹೋದ ಮನೆಅಳಿಯನನ್ನು ಹಬ್ಬಕ್ಕೆ ಕರೆದ ಹಾಗೆ. ಮಾನಕದಂತೆ ಓದು ಎಂದು ಮೊದಲಲ್ಲೇ ಸಾರುವ ಡಾಕ್‌ಟೈಪ್ ಸಾಲು ಬಿಟ್ಟ ಪುಟಗಳಲ್ಲಿ ಎಕ್ಸ್‌ಪ್ಲೋರರ್ ಆಮೇಲೂ ಹಳೇ ಲೆಕ್ಕವನ್ನೇ ಹಿಡಿಯುತ್ತಿತ್ತು. ನಮ್ಮ ಸಂಘದ ಪುಟ ಅಲ್ಲಿ ಮಾತ್ರ ನೆಟ್ಟಗೆ ನಿಂತ ಗುಟ್ಟು ಇದೇ.

ಕೆಲವರು ಬಂದ ಬ್ರೌಸರಿನ ಹೆಸರು ಕೇಳಿ ಬಾಗಿಲು ತೆಗೆಯುವ ಕೋಡ್ ಬರೆಯುತ್ತಾರೆ. ಬ್ರೌಸರ್‌ಗಳೋ ಒಂದೂ ಸತ್ಯ ಹೇಳುವುದಿಲ್ಲ. ಕ್ರೋಮು ತನ್ನನ್ನು ‘ಮೊಜಿಲ್ಲಾ 5.0’ ಎಂದು ಶುರುಮಾಡಿ ‘ಸಫಾರಿ’ ಎಂದು ಮುಗಿಸುತ್ತದೆ, ಎಡ್ಜು ಆ ಎರಡರ ಜೊತೆ ಕ್ರೋಮೂ ತಾನೇ ಎನ್ನುತ್ತದೆ. ಹೆಸರು ಬಿಟ್ಟು ‘ನಿನಗಿದು ಬರುತ್ತದೋ’ ಎಂದು ಕೇಳಲಿಕ್ಕೆ ‘@ಸಪೋರ್ಟ್ಸ್’ ಇದೆ.

ಇಷ್ಟೆಲ್ಲ ಇಂಗ್ಲಿಷಿಗೂ ಆಗುವ ಗೋಳು. ಕನ್ನಡಕ್ಕೆ ಇನ್ನೊಂದು ಹೆಚ್ಚು. ಕನ್ನಡದ ಫಾಂಟು ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಐಫೋನಿನಲ್ಲಿ ಆಪಲ್ ಆರಿಸಿದ್ದು. ಒಂದೊಂದರ ಒತ್ತು ಒಂದೊಂದು ಆಳಕ್ಕೆ ಇಳಿಯುತ್ತದೆ. ಇಂಗ್ಲಿಷ್ ನೋಡಿಕೊಂಡು ಸಾಲಿಗೆ 18 ಪಿಕ್ಸೆಲ್ ಎತ್ತರ ಕಟ್ಟಿ, ಮೇಲೊಂದು ‘ಹಿಡನ್’ ಹಾಕಿದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಬೆಟ್ಟೆ ಬೆಟೆಯಾಗುತ್ತದೆ, ಹೊನ್ನಾವರ ಹೊನಾವರ, ಸಿದ್ದಾಪುರ ಸಿದಾಪುರ, ಭಟ್ಕಳದವರು ಭಟಳದವರು. ಕಾರವಾರ, ಕುಮಟಾ, ಶಿರಸಿಗಳಿಗೆ ಒತ್ತಿಲ್ಲ. ಶಿರಸಿ ಕಚೇರಿಗೆ ದೋಷ ಕಾಣದಿರಲು ಅದೂ ಒಂದು ಕಾರಣವಿರಬಹುದು. ಎತ್ತರ ಕಟ್ಟಬಾರದು. ‘ಲೈನ್-ಹೈಟ್: 1.6’ ಎಂದು ಪಿಕ್ಸೆಲ್ ಇಲ್ಲದ ಬರೀ ಅಂಕಿ ಕೊಡಬೇಕು, ಆಗ ಅಕ್ಷರ ದೊಡ್ಡದಾದರೆ ಸಾಲೂ ಬೆಳೆಯುತ್ತದೆ. ಫಾಂಟನ್ನು ಸೈಟಿನ ಜೊತೆಗೇ ಕಳಿಸಿದರೆ ಮೂರು ಕಡೆಯೂ ಒಂದೇ ಮುಖ. ಉದ್ದ ಪದ ಗುಂಡಿಯಿಂದ ಆಚೆ ಚಾಚಿದರೆ ‘ಓವರ್‌ಫ್ಲೋ-ರ‍್ಯಾಪ್: ಬ್ರೇಕ್-ವರ್ಡ್’ ಸಾಕು, ‘ಬ್ರೇಕ್-ಆಲ್’ ಹಾಕಿದರೆ ಇಡೀ ಪದ ಮುಂದಿನ ಸಾಲಿಗೆ ಹೋಗಬಹುದಾಗಿದ್ದರೂ ನಡುವೆಯೇ ತುಂಡಾಗುತ್ತದೆ.

ಇದಿಷ್ಟನ್ನು ಪರೀಕ್ಷಿಸಲು ಒಂದು ಹಳೇ ಆಂಡ್ರಾಯ್ಡ್, ಯಾರಾದರೂ ಸದಸ್ಯರ ಐಫೋನು, ಫೈರ್‌ಫಾಕ್ಸ್ ಇರುವ ಒಂದು ಕಂಪ್ಯೂಟರು, ಅರ್ಧ ದಿನ ಸಾಕು. ಬಿಲ್ ಪಾಸಾಗುವುದು ಮಾತ್ರ ಕಾರ್ಯದರ್ಶಿಯವರ ಟೇಬಲ್ಲಿನ ಪರದೆ ನೋಡಿ. ಪರಿಷ್ಕರಣೆಯ ಠರಾವು ಆಗುತ್ತದೆ. ಮಾರಿಕಾಂಬಾ ಜಾತ್ರೆಯಾದರೂ ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಪುಟದ ನೆತ್ತಿಯಲ್ಲಿ ಮಾರ್ಕೀ, ಅಂದರೆ ಸರಿಯುವ ಅಕ್ಷರದ ಸಾಲು, ಓಡುತ್ತಲೇ ಇದೆ. ಮಾನಕದವರು ಅದನ್ನು ಎಂದೋ ಕೈಬಿಟ್ಟರು. ಆದರೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರೂ ತಕರಾರಿಲ್ಲದೆ ಓಡಿಸುವುದು ಈ ಪುಟದಲ್ಲಿ ಅದೊಂದನ್ನೇ.

ಧಾರಣೆಯೇನೂ ಊರಿಗೆ ಗೊತ್ತಾಗದೆ ಉಳಿಯುವುದಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬರುತ್ತದೆ. ಕಳಿಸುವವರು ಅದೇ ಕಚೇರಿಯ ಗುಮಾಸ್ತರು: ಕಾರ್ಯದರ್ಶಿಯವರ ಕಂಪ್ಯೂಟರ್ ಮುಂದೆ ಮೊಬೈಲ್ ಹಿಡಿದು, ಟ್ಯೂಬ್‌ಲೈಟಿನ ಹೊಳಪು ಸಮೇತ ತೆಗೆದದ್ದು, ತುಸು ಓರೆಯಾಗಿ.