ಊರೊಳಗಾದರೂ ನಿಧಾನ

ಊರ ಮುಂದಿನ ರಸ್ತೆ ಅಗಲವಾದರೆ ನಮ್ಮಲ್ಲಿ ಎಲ್ಲರಿಗೂ ಖುಷಿ. ಆಮೇಲೆ ಅದನ್ನು ದಾಟುವ ಪಾಡು ಮುದುಕರದು, ಮಕ್ಕಳದು.

ನಾನಿರುವ ಬ್ರಿಟನ್ನಿನ ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಂದು ಊರೊಳಗಿನ ಬಹುಪಾಲು ರಸ್ತೆಗಳ ವೇಗದ ಮಿತಿಯನ್ನು 30 ಮೈಲಿಯಿಂದ 20ಕ್ಕೆ ಇಳಿಸಿದರು. ಅಂದರೆ ಸುಮಾರು 32 ಕಿಲೋಮೀಟರ್. ಜನ ರೇಗಿಬಿಟ್ಟರು. ಬೇಡ ಅಂತ ಹಾಕಿದ ಅರ್ಜಿಗೆ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಇಡೀ ವೇಲ್ಸ್‌ನಲ್ಲಿ ಇರುವುದೇ 30 ಲಕ್ಷ ಚಿಲ್ಲರೆ ಜನ! ಆದರೆ ಮೊದಲ ವರ್ಷವೇ ಇಂಥ ರಸ್ತೆಗಳಲ್ಲಿ ಅಪಘಾತಕ್ಕೆ ಸಿಕ್ಕವರ ಸಂಖ್ಯೆ ಇಳಿಯಿತು.

ಇಲ್ಲಿ ಎಲ್ಲವೂ ಸರಿ ಅಂತಲ್ಲ. ಊರು ದಾಟಿದರೆ ಫುಟ್‌ಪಾತೇ ಇಲ್ಲ. ಎರಡೂ ಕಡೆ ಆಳೆತ್ತರದ ಗಿಡದ ಬೇಲಿ, ನಡುವೆ ಒಂದು ಕಾರು ಹಿಡಿಸುವಷ್ಟು ದಾರಿ, ಮಿತಿ ಮಾತ್ರ 60 ಮೈಲಿ. ಯಾವ ಜಾಣರು ಇಟ್ಟರೋ! ಆದರೆ ನಡೆಯುವವರು ಬಲಗಡೆ ನಡೆಯುತ್ತಾರೆ, ಎದುರಿನ ಗಾಡಿ ಕಾಣಬೇಕಲ್ವಾ. ಬಲಕ್ಕೆ ಕಡಿದಾದ ತಿರುವು ಬಂದರೆ ಮೊದಲೇ ಎಡಕ್ಕೆ ದಾಟಿಕೊಳ್ಳುತ್ತಾರೆ.

ನಮ್ಮಲ್ಲೂ ಗಾಡಿ ಓಡುವುದು ಎಡಗಡೆಯೇ. ಆದರೂ ಮಂಡ್ಯದ ಕಡೆ ನಸುಕಿನಲ್ಲಿ ಡೈರಿಗೆ ಹಾಲು ಹಾಕಲು ಹೊರಟವರು ಲಾರಿಗೆ ಬೆನ್ನು ಕೊಟ್ಟು ಎಡಗಡೆಯೇ ನಡೆಯುತ್ತಾರೆ. ಹಾಗಂತ ತಪ್ಪನ್ನು ಅವರ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಬಲಗಡೆ ನೋಡಿದರೆ ಜಲ್ಲಿ ರಾಶಿ, ಒಕ್ಕಣೆ ಕಾಲದಲ್ಲಿ ಟಾರಿನ ಮೇಲೇ ಹುರುಳಿ. ಕಾಲಿಡುವುದೆಲ್ಲಿ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ನಮ್ಮೂರುಗಳಿಗೆ ಗೊತ್ತಿರುವ ಮದ್ದು ಒಂದೇ, ಹಂಪ್ಸ್. ಯಾರೋ ಸಾಯಬೇಕು, ಜನ ರಸ್ತೆ ತಡೆಯಬೇಕು, ಆಗ ರಾತ್ರೋರಾತ್ರಿ ಒಂದು ದಿಬ್ಬ ಏಳುತ್ತದೆ. ಬಿಳಿ ಪಟ್ಟಿ ಇಲ್ಲ, ಬೋರ್ಡಿಲ್ಲ. ಕತ್ತಲಲ್ಲಿ ಬಂದ ಬೈಕಿನವನು ಹಾರಿ ಬೀಳುತ್ತಾನೆ. ಬೇಕಾದದ್ದು ಊರು ಶುರುವಾಗುವಲ್ಲೇ ವೇಗ ತಗ್ಗಿಸುವ ಏರ್ಪಾಡು. ಊರ ಹೆಸರಿನ ಬೋರ್ಡಿನ ಜೊತೆಗೇ 30 ಕಿಲೋಮೀಟರ್ ಮಿತಿ, ಅಲ್ಲೇ ರಸ್ತೆ ಸ್ವಲ್ಪ ಕಿರಿದು, ಬಸ್‌ಸ್ಟಾಪಿನ ತನಕ ನಡೆಯಲು ಒಂದಿಷ್ಟು ಗಟ್ಟಿ ನೆಲ. ಬರೀ ಬೋರ್ಡ್ ನೆಟ್ಟರೆ ಎಲ್ಲರೂ ಬ್ರೇಕ್ ಒತ್ತುವುದಿಲ್ಲ, ವೇಲ್ಸ್‌ನಲ್ಲೂ ಅಷ್ಟೇ. ರಸ್ತೆ ಅಗಲ ಮಾಡುವ ಎಸ್ಟಿಮೇಟಿನಲ್ಲೇ ಇದೆಲ್ಲ ಸೇರಿರಬೇಕು. ಕಾಮಗಾರಿ ಮುಗಿದು ಬಿಲ್ ಪಾಸಾದ ಮೇಲೆ ಪಂಚಾಯಿತಿಯವರು ಅರ್ಜಿ ಹಿಡಿದು ಪಿಡಬ್ಲ್ಯುಡಿ ಆಫೀಸಿಗೆ ಅಲೆದರೆ ಯಾರು ಕೇಳುತ್ತಾರೆ?