ಸಂಬಳದ ಪಟ್ಟಿಯಲ್ಲಿ ಉಳಿದ ಸಿಪಾಯಿ

ಇಲಿನಾಯ್ ರಾಜ್ಯದ ನಮ್ಮೂರಿನಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಹೋದ ಚಳಿಗಾಲದಲ್ಲಿ ನನಗೊಂದು ಕೆಲಸ ಒಪ್ಪಿಸಿದರು. ಅವರ ಮುತ್ತಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳ ವಿರುದ್ಧ ಉತ್ತರದ ಪರ ಹೋರಾಡಿ, 1863ರಲ್ಲಿ ದಕ್ಷಿಣದ ಪಟ್ಟಣ ವಿಕ್ಸ್‌ಬರ್ಗ್ ಮುತ್ತಿಗೆಯಲ್ಲಿ ಗುಂಡೇಟು ತಿಂದನೆಂದು ಮನೆಯಲ್ಲಿ ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಅದಕ್ಕೊಂದು ಸರ್ಕಾರಿ ಕಾಗದ ಬೇಕೆಂಬುದು ಅವರ ಆಸೆ. ಆ ಯುದ್ಧದ ಬಗ್ಗೆ ನನಗೆ ಗೊತ್ತಿದ್ದದ್ದು, ಅಮೆರಿಕದ ಹತ್ತಿ ಬರುವುದು ನಿಂತು ಧಾರವಾಡದ ಹತ್ತಿಗೆ ಭಾರಿ ಬೆಲೆ ಬಂದಿತ್ತೆಂಬುದಷ್ಟೇ. ಆದರೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಪಹಣಿ ಹುಡುಕಿ ರೂಢಿಯಿದ್ದವನಿಗೆ ಇದೇನು ಮಹಾ ಎಂದುಕೊಂಡು ಒಪ್ಪಿಕೊಂಡೆ.

ಇಂಥ ಹುಡುಕಾಟಕ್ಕೆ ಹೆಸರೊಂದಿದ್ದರೆ ಸಾಲದು. ಆತ ಯಾವ ರಾಜ್ಯದ ಯಾವ ರೆಜಿಮೆಂಟಿನಲ್ಲಿದ್ದ ಎಂಬುದು ಮೊದಲು ತಿಳಿಯಬೇಕು, ಏಕೆಂದರೆ ಕಾಗದಗಳನ್ನು ಜೋಡಿಸಿಟ್ಟಿರುವುದೇ ಹಾಗೆ. ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆಯ ಅಂತರ್ಜಾಲ ಸೂಚಿಯಲ್ಲಿ ಸುಮಾರು 63 ಲಕ್ಷ ಸೈನಿಕರ ಹೆಸರುಗಳಿವೆ, ಆದರೆ ಅಷ್ಟು ಜನ ಆ ಯುದ್ಧದಲ್ಲಿ ಇರಲೇ ಇಲ್ಲ. ಒಬ್ಬನ ಹೆಸರನ್ನೇ ಒಬ್ಬ ಗುಮಾಸ್ತ ಒಂದು ಬಗೆಯಲ್ಲಿ, ಇನ್ನೊಬ್ಬ ಇನ್ನೊಂದು ಬಗೆಯಲ್ಲಿ ಬರೆದಿದ್ದಾನೆ; ರೆಜಿಮೆಂಟು ಬದಲಾದಾಗ ಅದು ಮತ್ತೊಮ್ಮೆ ನಮೂದಾಗಿದೆ. ರಾಮಪ್ಪ, ರಾಮಯ್ಯ, ರಾಮಣ್ಣ ಮೂವರೂ ಒಬ್ಬನೇ ಎಂದು ಸಾಬೀತುಪಡಿಸಲು ಚಪ್ಪಲಿ ಸವೆಸಿದವರಿಗೆ ಇದು ಹೊಸದಲ್ಲ.

ರೆಜಿಮೆಂಟು ಸಿಕ್ಕ ಮೇಲೆ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಿಂದ ಸೇವಾ ದಾಖಲೆಯ ನಕಲು ತರಿಸಿದೆವು. ಈ ದಾಖಲೆಯನ್ನು ಯುದ್ಧಕಾಲದಲ್ಲೇ ಬರೆದದ್ದೆಂದು ಅನೇಕರು ಭಾವಿಸುತ್ತಾರೆ, ಅದು ತಪ್ಪು. ಯುದ್ಧ ಮುಗಿದು ಕಾಲು ಶತಮಾನ ಕಳೆದ ಮೇಲೆ, ಪಿಂಚಣಿ ಅರ್ಜಿಗಳು ರಾಶಿ ಬಿದ್ದು, ಪ್ರತಿ ಅರ್ಜಿಗೂ ಶಿಥಿಲವಾದ ಹಾಜರಿ ಪಟ್ಟಿಗಳನ್ನು ಬಿಚ್ಚಿ ಹುಡುಕುವುದು ಕಷ್ಟವಾದಾಗ, ಫ್ರೆಡ್ ಐನ್ಸ್‌ವರ್ತ್ ಎಂಬ ಸೇನಾ ವೈದ್ಯನ ಮೇಲ್ವಿಚಾರಣೆಯಲ್ಲಿ ಗುಮಾಸ್ತರು ಒಬ್ಬೊಬ್ಬ ಸೈನಿಕನ ಹೆಸರು ಬಂದಲ್ಲೆಲ್ಲ ಅದನ್ನು ಒಂದೊಂದು ಕಾರ್ಡಿಗೆ ಇಳಿಸಿ, ಆ ಕಾರ್ಡುಗಳನ್ನು ಅವನವನ ಲಕೋಟೆಗೆ ತುಂಬಿದರು. ಮೂಲ ಪಟ್ಟಿಯ ಹೆಸರು ಮಸ್ಟರ್ ರೋಲ್. ಉದ್ಯೋಗ ಖಾತ್ರಿಯ ಕೂಲಿ ಲೆಕ್ಕಕ್ಕೆ ನಮ್ಮ ಪಂಚಾಯಿತಿಗಳಲ್ಲಿ ಇಂದಿಗೂ ಅದೇ ಪದವಿದೆ, ಉದ್ದೇಶವೂ ಅದೇ. ಅಲ್ಲಿ ಎರಡು ತಿಂಗಳಿಗೊಮ್ಮೆ ಹಾಜರಿ ತೆಗೆದು ಸಂಬಳದ ಲೆಕ್ಕ ಹಾಕುತ್ತಿದ್ದರು.

ಮುತ್ತಜ್ಜನ ಕಾರ್ಡುಗಳಲ್ಲಿ ಹೆಚ್ಚಿನವು ಬರೀ 'ಹಾಜರು'. ಒಂದರ ಷರಾದಲ್ಲಿ, ಕಳೆದುಕೊಂಡ ನೀರಿನ ಬಾಟಲಿಯ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳಬೇಕೆಂದು ಬರೆದಿತ್ತು. ವಿಕ್ಸ್‌ಬರ್ಗಿನ ಮುತ್ತಿಗೆ ನಡೆಯುತ್ತಿದ್ದ 1863ರ ಮೇ ಮತ್ತು ಜೂನ್ ತಿಂಗಳ ಕಾರ್ಡಿನಲ್ಲಿ ಆತ ಗೈರುಹಾಜರು, ಆಸ್ಪತ್ರೆಯಲ್ಲಿದ್ದ, ಕಾರಣ ಭೇದಿ. ಗುಂಡಿನ ಸುಳಿವೇ ಇಲ್ಲ. ಇದನ್ನು ಮೊಮ್ಮಕ್ಕಳಿಗೆ ಹೇಳುವುದು ಬೇಡವೆಂದು ಹಿರಿಯರು ಮುಖ ಸಣ್ಣ ಮಾಡಿಕೊಂಡರು. ನನಗಂತೂ ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಉತ್ತರದ ಸೇನೆಯಲ್ಲಿ ಸತ್ತ ಸುಮಾರು 3,60,000 ಜನರಲ್ಲಿ, ಯುದ್ಧದ ಗಾಯದಿಂದ ಸತ್ತವರ ಎರಡರಷ್ಟು ಮಂದಿ ರೋಗದಿಂದ ಸತ್ತರು. ಆ ಆಸ್ಪತ್ರೆಗಳಿಂದ ಎದ್ದು ಬಂದು ಮತ್ತೆ ಹಾಜರಿ ಹಾಕಿದವನಿಗೂ ಒಂದು ಗೌರವ ಸಲ್ಲಬೇಕು.

ಸಾಮಾನ್ಯ ಸಿಪಾಯಿಯನ್ನು ಸರ್ಕಾರ ನೆನಪಿಟ್ಟುಕೊಂಡದ್ದು ಅವನಿಗೆ ಹಣ ಕೊಡಬೇಕಿತ್ತು ಎಂಬ ಕಾರಣಕ್ಕೆ, ಅಷ್ಟೇ. ಆದ್ದರಿಂದ ಇಂಥ ಯಾವ ಕಾಗದ ಕೈಗೆ ಬಂದರೂ, ಇದರಿಂದ ಯಾರಿಗೆ ಎಷ್ಟು ಸಲ್ಲಬೇಕಿತ್ತು ಎಂದು ಮೊದಲು ಕೇಳಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಕಪ್ಪು ಸೈನಿಕರ ಕಾರ್ಡುಗಳನ್ನು ನೋಡಿ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಇದ್ದಾಗ ಇವರಿಗೆ 10 ಡಾಲರ್, ಅದರಲ್ಲೂ ಬಟ್ಟೆಯ ಬಾಬ್ತು 3 ಡಾಲರ್ ಕಡಿತ. 1864ರ ಜೂನ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಸಮಾನ ಸಂಬಳಕ್ಕೆ ಒಪ್ಪಿತಾದರೂ, ಸೇನೆಗೆ ಸೇರಿದ ದಿನದಿಂದಲೇ ಪೂರ್ತಿ ಬಾಕಿ ಸಿಗುವುದು 1861ರ ಏಪ್ರಿಲ್ 19ರಂದು ಸ್ವತಂತ್ರರಾಗಿದ್ದವರಿಗೆ ಮಾತ್ರ ಎಂದಾಯಿತು. ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ಕರ್ನಲ್ ಎಡ್ವರ್ಡ್ ಹ್ಯಾಲೊವೆಲ್ ಇದಕ್ಕೊಂದು ಉಪಾಯ ಹೂಡಿದ: ಆ ದಿನ ತನ್ನ ದುಡಿಮೆಯ ಮೇಲೆ ಇನ್ನೊಬ್ಬರಿಗೆ ನ್ಯಾಯವಾದ ಹಕ್ಕು ಇರಲಿಲ್ಲ ಎಂದು ಪ್ರಮಾಣ ಮಾಡಿದರೆ ಸಾಕು. ಓಡಿ ಬಂದ ಗುಲಾಮನೂ ಇದನ್ನು ಎದೆ ಮುಟ್ಟಿಕೊಂಡು ಹೇಳಬಹುದಿತ್ತು. ಹೀಗಿರುವಾಗ 'ಸ್ವತಂತ್ರ' ಎಂಬ ಷರಾ ಕಂಡೊಡನೆ ಅದನ್ನೇ ನೆಚ್ಚಿ ವಂಶವೃಕ್ಷ ಬರೆಯುವವರು ಎಡವುತ್ತಾರೆ.

ಕಾರ್ಡುಗಳು ಹಾಜರಿಯನ್ನು ಹೇಳುತ್ತವೆ, ಮನುಷ್ಯರ ಮಾತು ಕೇಳಿಸುವುದು ಪಿಂಚಣಿ ಕಡತದಲ್ಲಿ. ದಕ್ಷಿಣದ ಸಿಪಾಯಿಗಳಿಗೆ ಕೇಂದ್ರದ ಪಿಂಚಣಿ ಇರಲಿಲ್ಲವಾದ್ದರಿಂದ ಅವರ ಕಡತಗಳನ್ನು ಆಯಾ ರಾಜ್ಯಗಳಲ್ಲೇ ಹುಡುಕಬೇಕು. ಉತ್ತರದವರ ಕಡತಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 95ನೇ ಇಲಿನಾಯ್ ಪದಾತಿ ದಳದ ಆಲ್ಬರ್ಟ್ ಕ್ಯಾಶಿಯರ್ ಅವರದು. 1862ರ ಆಗಸ್ಟ್‌ನಲ್ಲಿ ಸೇರಿದಾಗ ವಯಸ್ಸು 19, ಎತ್ತರ 5 ಅಡಿ 3 ಅಂಗುಲ, ಸಹಿಯ ಜಾಗದಲ್ಲಿ ಗುಣಿಸು ಚಿಹ್ನೆ. ಸುಮಾರು ಮೂರು ವರ್ಷದ ಸೇವೆ ಮುಗಿಸಿದವರು. ಹೆಣ್ಣಾಗಿ ಐರ್ಲೆಂಡಿನಲ್ಲಿ ಹುಟ್ಟಿದವರೆಂಬುದು 1911ರಲ್ಲಿ ಕಾರು ಬಡಿದು ಕಾಲು ಮುರಿದಾಗ ವೈದ್ಯರಿಗೆ ಗೊತ್ತಾಯಿತು, ಕೆಲವೇ ವರ್ಷಗಳಲ್ಲಿ ಪತ್ರಿಕೆಗಳಿಗೂ. ಪಿಂಚಣಿ ಇಲಾಖೆ ಮೋಸದ ಶಂಕೆಯಿಂದ ವಿಚಾರಣೆ ಹೂಡಿ, ಜೊತೆಗಿದ್ದ ಮುದಿ ಸೈನಿಕರ ಹೇಳಿಕೆ ಪಡೆಯಿತು. ನಮ್ಮೊಡನೆ ಯುದ್ಧ ಮಾಡಿದ್ದು ಇದೇ ವ್ಯಕ್ತಿ ಎಂದು ಅವರು ನುಡಿದರು. ಇಲಾಖೆಯೂ ಅದನ್ನೇ ಒಪ್ಪಿತು, 1915ರಲ್ಲಿ ಸಾಯುವವರೆಗೂ ಪಿಂಚಣಿ ನಿಲ್ಲಲಿಲ್ಲ. ಅವನೋ ಅವಳೋ ಎಂದು ಇಂಗ್ಲಿಷಿನಲ್ಲಿ ಈಗಲೂ ಜಗ್ಗಾಟ ನಡೆಯುತ್ತಿದೆ. ನಮಗೆ 'ಅವರು' ಇರುವುದರಿಂದ ನಾನು ಪಾರಾದೆ.

ಮುತ್ತಜ್ಜನ ವಿಧವೆಯೂ ಪಿಂಚಣಿಗೆ ಅರ್ಜಿ ಹಾಕಿದ್ದಳು. ಮದುವೆ ನಡೆದದ್ದಕ್ಕೆ ಆಕೆಯ ಬಳಿ ಸರ್ಕಾರಿ ಪತ್ರವಿರಲಿಲ್ಲ. ನೆರೆಯವರಿಬ್ಬರ ಅಫಿಡವಿಟ್, ಸೂಲಗಿತ್ತಿಯ ಹೇಳಿಕೆ, ಇವುಗಳ ಹಿಂದೆ ಮನೆಯ ಬೈಬಲ್ಲಿನಿಂದ ಹರಿದ ಹಾಳೆಯೊಂದು: ಮದುವೆಯ ದಿನ, ಐದು ಮಕ್ಕಳ ಜನನ, ಅವರಲ್ಲಿ ಇಬ್ಬರ ಮರಣ. ಹಿರಿಯರು ಮಾತಾಡದೆ ಒಳಗೆ ಹೋಗಿ ಆ ಬೈಬಲ್ಲನ್ನು ತಂದರು. ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವೆ, ಹೊಲಿಗೆಗೆ ಅಂಟಿಕೊಂಡಂತೆ ಬೆರಳಗಲದ ಹರಕು ಅಂಚು ಉಳಿದಿತ್ತು. ಯಾವುದೋ ಮಗು ಹರಿದಿರಬೇಕೆಂದು ಮನೆಯವರು ಇಷ್ಟು ಕಾಲ ನಂಬಿದ್ದರಂತೆ. ನಕಲನ್ನು ಅದಕ್ಕೆ ತಾಗಿಸಿ ಹಿಡಿದರು. ಝೆರಾಕ್ಸ್ ಹಾಳೆ ಬೈಬಲ್ಲಿಗಿಂತ ಅಗಲವಾಗಿತ್ತು. ಹೆಂಡತಿಯನ್ನು ಕೂಗಿ ಕತ್ತರಿ ಕೇಳಿದರು.